ಪೊಟ್ಟಣವೂ ಉಪಕರಣದ ಒಂದು ಅಂಗ: ಓದುಗರ ಪ್ರಶ್ನೆಗಳಿಗೆ ಉತ್ತರ

ವೈದ್ಯಕೀಯ ಉಪಕರಣಗಳ ವಿನ್ಯಾಸ, ತಯಾರಿಕೆ ಮತ್ತು ಪ್ಯಾಕಿಂಗ್‌ನಲ್ಲಿ ಬಂದಿರುವ ಹೊಸತನಗಳ ಬಗ್ಗೆ ಪ್ರಶ್ನೆ ಕಳುಹಿಸುವಂತೆ ಕಳೆದ ಸಂಚಿಕೆಯಲ್ಲಿ ಕೋರಿದ್ದೆವು. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ದೊಡ್ಡ ದೊಡ್ಡ ಯಂತ್ರಗಳ ಬಗ್ಗೆ ಕೇಳಿದವರು ಕಡಿಮೆ. ಮನೆಯಲ್ಲಿ, ವಾರ್ಡಿನಲ್ಲಿ ದಿನನಿತ್ಯ ಕೈಗೆ ಬರುವ ಸಿರಿಂಜು, ಸ್ಟ್ರಿಪ್ಪು, ಪೊಟ್ಟಣಗಳ ಬಗ್ಗೆ ಕೇಳಿದವರೇ ಹೆಚ್ಚು. ಸಿರಿಂಜು ಮತ್ತು ಕ್ಯಾತಿಟರ್ ತಯಾರಿಸುವ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಬಹುಕಾಲ ದುಡಿದು, ಈಗ ಹಾಸನದಲ್ಲಿ ಆಸ್ಪತ್ರೆ ಉಪಕರಣಗಳ ನಿರ್ವಹಣೆ ನೋಡಿಕೊಳ್ಳುತ್ತಿರುವ ನನಗೆ ಇದರಿಂದ ನಿಜಕ್ಕೂ ಸಂತೋಷವಾಗಿದೆ. ಏಕೆಂದರೆ ನಾನು ಕಂಡ ಅನಾಹುತಗಳಲ್ಲಿ ಹೆಚ್ಚಿನವು ನಡೆದದ್ದು ಇಂಥ ಸಣ್ಣ ವಸ್ತುಗಳ ಸುತ್ತಲೇ. ಹೆಸರು ಬೇಡವೆಂದು ಹಲವರು ಕೇಳಿಕೊಂಡಿರುವುದರಿಂದ ಯಾರ ಹೆಸರನ್ನೂ ಪ್ರಕಟಿಸಿಲ್ಲ.

ಪ್ರಶ್ನೆ: ನಮ್ಮ ಅತ್ತೆಯವರಿಗೆ 68 ವರ್ಷ. ಹಲವು ವರ್ಷ ಬುಡ್ಡಿಯ ಇನ್ಸುಲಿನ್ ಅನ್ನು ಸಿರಿಂಜಿನಲ್ಲಿ ಕೊಡುತ್ತಿದ್ದೆವು. ಕಳೆದ ವರ್ಷ ವೈದ್ಯರು ಪೆನ್ನಿಗೆ ಬದಲಾಯಿಸಿದರು. ಮಳೆಗಾಲದ ಒಂದು ರಾತ್ರಿ ಪೆನ್ನು ಕೈಜಾರಿ ಬಿದ್ದು ಕೆಟ್ಟಿತು. ದಾರಿಗೆ ಮರ ಉರುಳಿದ್ದರಿಂದ ಪೇಟೆಗೆ ಹೋಗುವಂತಿರಲಿಲ್ಲ. ಪೆನ್ನಿನ ಒಳಗಿದ್ದ ಗಾಜಿನ ಕೊಳವೆಯಿಂದ ಹಳೆಯ ಸಿರಿಂಜಿಗೆ, ಎಂದಿನಂತೆ 20ರ ಗೆರೆಯವರೆಗೆ ಎಳೆದು ಕೊಟ್ಟೆ. ಸ್ವಲ್ಪ ಹೊತ್ತಿಗೆ ಅತ್ತೆ ಬೆವೆತು, ನಡುಗಿ, ಮಾತು ತೊದಲತೊಡಗಿದರು. ಸಕ್ಕರೆ ನೀರು ಕುಡಿಸಿ ಉಳಿಸಿಕೊಂಡೆವು. ಔಷಧವೂ ಅದೇ, ಅಳತೆಯೂ ಅದೇ, ಹಾಗಾದರೆ ತಪ್ಪಿದ್ದೆಲ್ಲಿ? (ಗೃಹಿಣಿ, ಸಕಲೇಶಪುರ ತಾಲ್ಲೂಕು)

ಉತ್ತರ: ತಾಯಿ, ಮೊದಲಿಗೆ ಒಂದು ಮಾತು. ಇದನ್ನು ನಿಮ್ಮ ಅಜಾಗರೂಕತೆ ಎಂದು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅಳತೆಯ ಗೆರೆ ಒಂದೇ ಆಗಿತ್ತು, ಆದರೆ ಔಷಧದ ಸಾಂದ್ರತೆ ಬೇರೆಯಾಗಿತ್ತು.

ನಮ್ಮ ದೇಶದಲ್ಲಿ ಇನ್ಸುಲಿನ್ ಮುಖ್ಯವಾಗಿ ಎರಡು ಸಾಂದ್ರತೆಗಳಲ್ಲಿ ಮಾರಾಟವಾಗುತ್ತದೆ. ನೀವು ಹಿಂದೆ ಬಳಸುತ್ತಿದ್ದ 10 ಮಿ.ಲೀ. ಬುಡ್ಡಿ ಬಹುತೇಕ ಯು-40 ಆಗಿದ್ದಿರಬೇಕು. ಎಂದರೆ ಒಂದು ಮಿ.ಲೀ.ಗೆ 40 ಯೂನಿಟ್. ಪೆನ್ನಿನ 3 ಮಿ.ಲೀ. ಕೊಳವೆಯಲ್ಲಿರುವುದು ಸಾಮಾನ್ಯವಾಗಿ ಯು-100. ಎಂದರೆ ಒಂದು ಮಿ.ಲೀ.ಗೆ 100 ಯೂನಿಟ್. ಯು-40 ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದಾಗ ಒಳಗೆ ಬರುವುದು ಅರ್ಧ ಮಿ.ಲೀ. ದ್ರವ. ಬುಡ್ಡಿಯ ಔಷಧವಾಗಿದ್ದರೆ ಅದು 20 ಯೂನಿಟ್. ಪೆನ್ನಿನ ಕೊಳವೆಯ ಔಷಧವಾದ್ದರಿಂದ ಅದು 50 ಯೂನಿಟ್ ಆಯಿತು. ಅತ್ತೆಯವರ ಮೈಗೆ ಎರಡೂವರೆ ಪಟ್ಟು ಇನ್ಸುಲಿನ್ ಸೇರಿತು. ಇದಕ್ಕೆ ವಿರುದ್ಧವಾದ ತಪ್ಪೂ ಆಗುತ್ತದೆ. ಯು-40 ಬುಡ್ಡಿಯಿಂದ ಯು-100 ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಸಿಗುವುದು ಬರೀ 8 ಯೂನಿಟ್. ಈ ತಪ್ಪಿನಲ್ಲಿ ಯಾರೂ ನಡುಗುವುದಿಲ್ಲ, ಬೆವರುವುದಿಲ್ಲ. ತಿಂಗಳುಗಟ್ಟಲೆ ಶುಗರ್ ಏರಿಯೇ ಇರುತ್ತದೆ, ಮನೆಯವರು ಊಟವನ್ನು ದೂರುತ್ತಾರೆ.

ಗುರುತಿಗಾಗಿ ಯು-40 ಸಿರಿಂಜಿಗೆ ಕೆಂಪು ಮುಚ್ಚಳ, ಯು-100 ಸಿರಿಂಜಿಗೆ ಕಿತ್ತಳೆ ಮುಚ್ಚಳ ಎಂಬ ನಿಯಮವಿದೆ. ಆದರೆ ಕರೆಂಟು ಹೋದ ರಾತ್ರಿಯಲ್ಲಿ, ಮೇಣದ ಬತ್ತಿಯ ಬೆಳಕಿನಲ್ಲಿ ಕೆಂಪು ಯಾವುದು ಕಿತ್ತಳೆ ಯಾವುದು ಎಂದು ಹೇಳುವುದು ಕಣ್ಣು ಚೆನ್ನಾಗಿರುವವರಿಗೂ ಕಷ್ಟ. ಆದ್ದರಿಂದ ಮುಚ್ಚಳದ ಬಣ್ಣದ ಜೊತೆಗೆ ಸಿರಿಂಜಿನ ಮೈಮೇಲೆ ಮುದ್ರಿಸಿರುವ ಸಂಖ್ಯೆಯನ್ನೂ, ಇನ್ಸುಲಿನ್ ಲೇಬಲ್‌ನ ಮೇಲಿರುವ ಸಂಖ್ಯೆಯನ್ನೂ ಅಕ್ಕಪಕ್ಕ ಹಿಡಿದು ಹೋಲಿಸಿ ನೋಡಬೇಕು. 40ಕ್ಕೆ 40, 100ಕ್ಕೆ 100. ಬೇರೆ ಯಾವ ಲೆಕ್ಕವನ್ನೂ ಮನೆಯಲ್ಲಿ ಮಾಡಬಾರದು.

ಪೆನ್ನು ಹುಟ್ಟಿಕೊಂಡದ್ದೇ ಈ ಲೆಕ್ಕವನ್ನು ರೋಗಿಯ ತಲೆಯಿಂದ ಇಳಿಸುವುದಕ್ಕಾಗಿ. ಡೆನ್ಮಾರ್ಕಿನ ನೋವೋ ಕಂಪನಿ 1985ರಲ್ಲಿ ಮೊದಲ ಇನ್ಸುಲಿನ್ ಪೆನ್ನನ್ನು ಮಾರುಕಟ್ಟೆಗೆ ತಂದಿತು. ಔಷಧದ ಸಾಂದ್ರತೆ ಮತ್ತು ಅಳೆಯುವ ಯಂತ್ರ ಎರಡನ್ನೂ ಒಂದೇ ಕವಚದೊಳಗೆ ಕೂರಿಸಿದಾಗ, ತಿರುಗಿಸಿದ ಸಂಖ್ಯೆಯೇ ಯೂನಿಟ್ ಆಗುತ್ತದೆ. ಗುಂಡಿ ತಿರುಗಿಸುವಾಗ ‘ಟಿಕ್’ ಶಬ್ದ ಕೇಳುತ್ತದೆ, ಆದರೆ ಅದನ್ನು ಎಣಿಸಿ ಅಳತೆ ಹಾಕಬಾರದು, ಪೆನ್ನಿನ ಕಿಟಕಿಯಲ್ಲಿ ಕಾಣುವ ಸಂಖ್ಯೆಯನ್ನೇ ನೋಡಬೇಕು. ಕೊಳವೆಯನ್ನು ಹೊರತೆಗೆದು ಸಿರಿಂಜು ಚುಚ್ಚಿದ ಕ್ಷಣದಲ್ಲಿ ಆ ರಕ್ಷಣೆಯೆಲ್ಲ ಕಳಚಿಹೋಗುತ್ತದೆ. ಜೊತೆಗೆ ಕೊಳವೆಯೊಳಗೆ ಗಾಳಿ ಸೇರಿ, ಮುಂದಿನ ಅಳತೆಗಳೂ ತಪ್ಪುತ್ತವೆ.

ನಿಮ್ಮ ಊರಿನಂತೆ ಮಳೆಗಾಲದಲ್ಲಿ ದಾರಿ ಮುಚ್ಚಿಹೋಗುವ ಕಡೆಯವರು ಜೂನ್ ತಿಂಗಳಿಗೆ ಮುಂಚೆಯೇ ವೈದ್ಯರನ್ನು ಕೇಳಿ ಎರಡನೆಯ ಪೆನ್ನೊಂದನ್ನು ತಂದಿಟ್ಟುಕೊಳ್ಳಿ. ಹಳೆಯ ಕೆಂಪು ಮುಚ್ಚಳದ ಸಿರಿಂಜುಗಳನ್ನು ಮನೆಯಲ್ಲಿ ಇಟ್ಟುಕೊಳ್ಳಲೇಬೇಡಿ. ಲೋ ಶುಗರ್ ಆದಾಗ ನೀವು ಸಕ್ಕರೆ ನೀರು ಕೊಟ್ಟದ್ದು ಸರಿಯಾದ ಕ್ರಮ. ಆದರೆ ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಒಂದೇ ದೇಶದ ಒಂದೇ ಮೆಡಿಕಲ್ ಅಂಗಡಿಯಲ್ಲಿ ಎರಡು ಸಾಂದ್ರತೆಯ ಇನ್ಸುಲಿನ್ ಇರುವುದು ಕೊನೆಗೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬೇರೆ ಅನೇಕ ದೇಶಗಳು ಯು-100 ಒಂದನ್ನೇ ಉಳಿಸಿಕೊಂಡು ಈ ಗೊಂದಲದಿಂದ ಪಾರಾಗಿವೆ.

ಪ್ರಶ್ನೆ: ಗ್ಲುಕೋಮೀಟರಿನಲ್ಲಿ ಬೇಸಿಗೆಯಲ್ಲಿ ಸರಿಯಾಗಿ ಬರುವ ಶುಗರ್ ಅಳತೆ ಮಳೆ ಹಿಡಿದ ಮೇಲೆ ಅಡ್ಡಾದಿಡ್ಡಿ ಬರುತ್ತದೆ. ಒಂದೇ ಬೆರಳಿನಲ್ಲಿ ಎರಡು ಸಲ ನೋಡಿದರೆ ಎರಡು ಲೆಕ್ಕ. ಮೀಟರ್ ಬದಲಾಯಿಸಬೇಕೆ? (ಕಾಫಿ ಬೆಳೆಗಾರರು, ಮೂಡಿಗೆರೆ)

ಉತ್ತರ: ಮೀಟರಿಗಿಂತ ಮೊದಲು ಸ್ಟ್ರಿಪ್ಪಿನ ಡಬ್ಬಿಯನ್ನು ಪರೀಕ್ಷಿಸಿ. ಸ್ಟ್ರಿಪ್ಪಿನ ತುದಿಯಲ್ಲಿ ಒಣಗಿಸಿ ಲೇಪಿಸಿರುವುದು ಒಂದು ಕಿಣ್ವ. ರಕ್ತ ತಾಗಿದಾಗ ಅದು ಅಲ್ಲಿರುವ ಗ್ಲುಕೋಸಿನೊಡನೆ ವರ್ತಿಸಿ ಅತಿ ಸಣ್ಣ ವಿದ್ಯುತ್ ಪ್ರವಾಹವನ್ನು ಹುಟ್ಟಿಸುತ್ತದೆ. ಮೀಟರು ಅಳೆಯುವುದು ಆ ಪ್ರವಾಹವನ್ನು. ತೇವ ತಾಗಿದ ಕಿಣ್ವ ಬಳಸುವ ಮುನ್ನವೇ ಹಾಳಾಗುತ್ತದೆ. ಹೀಗಾಗಿ ಸ್ಟ್ರಿಪ್ಪು ತಯಾರಿಸುವ ಕೋಣೆಯ ಗಾಳಿಯನ್ನೇ ಒಣಗಿಸಿ ಇಟ್ಟಿರುತ್ತಾರೆ. ಡಬ್ಬಿಯ ಮುಚ್ಚಳದಲ್ಲೋ ಒಳಗೋಡೆಯಲ್ಲೋ ತೇವ ಹೀರುವ ವಸ್ತುವನ್ನು ಸೇರಿಸಿರುತ್ತಾರೆ. ಮುಚ್ಚಳ ಹಾಕುವಾಗ ಕೇಳುವ ‘ಟಪ್’ ಎಂಬ ಸದ್ದು ಆ ಮುಚ್ಚಳ ಗಾಳಿಯಾಡದಂತೆ ಕೂತಿತು ಎಂಬುದರ ಸೂಚನೆ.

ಆ ಡಬ್ಬಿಗೆ ನಮ್ಮ ಮಲೆನಾಡಿನ ಆಷಾಢದ ಗಾಳಿಯನ್ನು ತಡೆಯುವ ಶಕ್ತಿ ಇದೆ, ಆದರೆ ಮುಚ್ಚಿದ್ದರೆ ಮಾತ್ರ. ಒಮ್ಮೆ ಮೂಡಿಗೆರೆ ಕಡೆಯ ಒಂದು ಮನೆಗೆ ಹೋಗಿದ್ದಾಗ ಸ್ಟ್ರಿಪ್ಪುಗಳನ್ನೆಲ್ಲ ಸಣ್ಣ ಸ್ಟೀಲ್ ಡಬ್ಬಿಗೆ ಸುರಿದು, ಅಡುಗೆ ಮನೆಯಲ್ಲಿ ಒಲೆಯ ಗೂಡಿನ ಮೇಲೆ ಬೆಚ್ಚಗಿರಲೆಂದು ಇಟ್ಟಿದ್ದನ್ನು ಕಂಡೆ. ಪ್ರೀತಿಯಿಂದಲೇ ಮಾಡಿದ ಕೆಲಸ ಅದು. ಆದರೆ ಹಬೆ ಮತ್ತು ಶಾಖ ಎರಡೂ ಸೇರಿ ಆ ಸ್ಟ್ರಿಪ್ಪುಗಳನ್ನು ಕೆಡಿಸಿದ್ದವು. ಕಂಪನಿಯ ಡಬ್ಬಿಯಿಂದ ಸ್ಟ್ರಿಪ್ಪುಗಳನ್ನು ಬೇರೆಡೆಗೆ ವರ್ಗಾಯಿಸಬೇಡಿ, ಒಂದನ್ನು ತೆಗೆದ ಕೂಡಲೇ ಮುಚ್ಚಿ, ಡಬ್ಬಿ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆಯಿರಿ. ತೆರೆದ ಮೇಲೆ ಎಷ್ಟು ತಿಂಗಳು ಬಳಸಬಹುದು ಎಂಬುದು ಲೇಬಲ್‌ನಲ್ಲಿರುತ್ತದೆ, ಅದು ಕೊನೆಯ ದಿನಾಂಕಕ್ಕಿಂತ ಬೇರೆ. ದಿನಕ್ಕೊಂದು ಸ್ಟ್ರಿಪ್ಪೂ ಬಳಸದವರು ಒಂದೊಂದನ್ನೂ ಬೇರೆ ಬೇರೆ ಅಲ್ಯೂಮಿನಿಯಂ ಹಾಳೆಯಲ್ಲಿ ಮುಚ್ಚಿರುವ ಬಗೆಯನ್ನು ಕೊಳ್ಳುವುದು ಒಳ್ಳೆಯದು.

ಇನ್ನೊಂದು ಕಾರಣವೂ ಇದೆ, ಅದು ನಿಮ್ಮ ಹಿತ್ತಿಲಲ್ಲೇ ಇದೆ. ಮಳೆಗಾಲ ಹಲಸಿನ ಕಾಲವೂ ಹೌದು. ಹಣ್ಣು ಬಿಡಿಸಿದ ಬೆರಳನ್ನು ಸೋಪು ಹಾಕಿ ತೊಳೆಯದೆ ಚುಚ್ಚಿದರೆ ರಕ್ತದ ಸಕ್ಕರೆಯ ಜೊತೆಗೆ ಹಣ್ಣಿನ ಸಕ್ಕರೆಯೂ ಅಳತೆಗೆ ಸೇರುತ್ತದೆ. ಇಷ್ಟೆಲ್ಲ ಸರಿಯಿದ್ದರೂ ಚಿಕ್ಕ ವ್ಯತ್ಯಾಸ ಇದ್ದೇ ಇರುತ್ತದೆ. 2013ರ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ 100ಕ್ಕಿಂತ ಮೇಲಿನ ಅಳತೆಗಳಲ್ಲಿ ನೂರಕ್ಕೆ 95 ಸಲ ಶೇ 15ರೊಳಗಿನ ಏರುಪೇರು ಒಪ್ಪಿತ. ಆದ್ದರಿಂದ 180 ಮತ್ತು 195 ಬಂದರೆ ಗಾಬರಿ ಬೇಡ. 180 ಮತ್ತು 290 ಬಂದರೆ ಡಬ್ಬಿಯನ್ನು ಬದಲಾಯಿಸಿ.

ಪ್ರಶ್ನೆ: ಸಿರಿಂಜು, ಡ್ರೆಸ್ಸಿಂಗ್, ಕ್ಯಾತಿಟರ್ ಪೊಟ್ಟಣಗಳಲ್ಲಿ ಒಂದು ಬದಿ ಪ್ಲಾಸ್ಟಿಕ್, ಇನ್ನೊಂದು ಬದಿ ಕಾಗದ ಇರುತ್ತದೆ. ಎರಡೂ ಬದಿ ಪ್ಲಾಸ್ಟಿಕ್ ಹಾಕಿದರೆ ಹೆಚ್ಚು ಭದ್ರವಲ್ಲವೇ? ಇದು ಖರ್ಚು ಉಳಿಸುವ ಉಪಾಯವೇ? (ನಿವೃತ್ತ ಶಿಕ್ಷಕರು, ಕಡೂರು)

ಉತ್ತರ: ಮೇಷ್ಟ್ರೇ, ಈ ಪ್ರಶ್ನೆಗಾಗಿ ನಾನು ಕಾಯುತ್ತಿದ್ದೆ ಎಂದರೂ ಸರಿಯೇ. ಆ ಕಾಗದದ ಬದಿ ಉಳಿತಾಯಕ್ಕಾಗಿ ಇಟ್ಟದ್ದಲ್ಲ; ಪೊಟ್ಟಣವು ಉಸಿರಾಡಲೆಂದು ಬಿಟ್ಟ ಬಾಗಿಲು ಅದು.

ಸಿರಿಂಜನ್ನು ಮೊದಲು ಕ್ರಿಮಿಶುದ್ಧ ಮಾಡಿ ಆಮೇಲೆ ಪೊಟ್ಟಣಕ್ಕೆ ಹಾಕುತ್ತಾರೆ ಎಂದು ಬಹಳ ಜನ ಭಾವಿಸಿದ್ದಾರೆ. ನಡೆಯುವುದು ಇದಕ್ಕೆ ತಿರುಗಾಮುರುಗಾ. ಮೊದಲು ಪೊಟ್ಟಣದೊಳಗೆ ಇಟ್ಟು ಅಂಚನ್ನು ಶಾಖದಿಂದ ಬೆಸೆದು, ಪೆಟ್ಟಿಗೆಗಳಲ್ಲಿ ತುಂಬಿ, ಆ ಪೆಟ್ಟಿಗೆಗಳನ್ನೇ ದೊಡ್ಡ ಕೋಣೆಯೊಂದರಲ್ಲಿ ಕೂಡಿಹಾಕಿ, ಗಾಳಿಯನ್ನು ಹೀರಿ ತೆಗೆದು, ಎಥಿಲೀನ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತಾರೆ. ಅನಿಲವು ಕಾಗದದ ಬದಿಯ ಮೂಲಕ ಒಳಗೆ ಹೋಗಿ ಸೂಕ್ಷ್ಮಜೀವಿಗಳನ್ನು ಕೊಂದು, ಅದೇ ದಾರಿಯಲ್ಲಿ ಹೊರಗೆ ಬರಬೇಕು. ಈ ಅನಿಲ ಕ್ಯಾನ್ಸರ್‌ಕಾರಕವಾದ್ದರಿಂದ ಅದು ಸುರಕ್ಷಿತ ಮಿತಿಗೆ ಇಳಿಯುವವರೆಗೆ ಸರಕನ್ನು ಗಾಳಿಯಾಡುವಂತೆ ಇಟ್ಟು, ಉಳಿಕೆಯನ್ನು ಪರೀಕ್ಷಿಸಿದ ಮೇಲಷ್ಟೇ ಮಾರಾಟಕ್ಕೆ ಬಿಡುತ್ತಾರೆ. ಎರಡೂ ಬದಿ ಪ್ಲಾಸ್ಟಿಕ್ ಆಗಿದ್ದರೆ ಅನಿಲ ಒಳಗೂ ಹೋಗದು, ಹೊರಗೂ ಬಾರದು.

ಹಾಗಾದರೆ ಅನಿಲ ಹೋಗುವ ದಾರಿಯಲ್ಲಿ ಕ್ರಿಮಿ ಹೋಗುವುದಿಲ್ಲವೇ? ಇಲ್ಲಿಯೇ ಆ ಕಾಗದದ ಜಾಣ್ಮೆ ಇರುವುದು. ಅದರಲ್ಲಿ ನೇರವಾದ ರಂಧ್ರಗಳಿಲ್ಲ. ನಾರುಗಳು ಒಂದರ ಮೇಲೊಂದು ಹೆಣೆದುಕೊಂಡು ಅಂಕುಡೊಂಕಾದ ದಾರಿಗಳಾಗಿವೆ. ಅನಿಲದ ಅಣುಗಳು ನುಸುಳಿ ಹೋಗುತ್ತವೆ, ಧೂಳಿಗೆ ಅಂಟಿಕೊಂಡು ಬರುವ ಸೂಕ್ಷ್ಮಜೀವಿ ತಿರುವುಗಳಲ್ಲಿ ಸಿಕ್ಕಿಬೀಳುತ್ತದೆ. ದುಬಾರಿ ಉಪಕರಣಗಳಿಗೆ ಮರದ ತಿರುಳಿನ ಕಾಗದಕ್ಕೆ ಬದಲಾಗಿ ಟೈವೆಕ್ ಎಂಬ ಹಾಳೆಯನ್ನು ಬಳಸುತ್ತಾರೆ. ನೋಡಲು ಕಾಗದದಂತಿದ್ದರೂ ಅದು ಪಾಲಿಥೀನಿನ ಅತಿ ಸಣ್ಣ ಎಳೆಗಳನ್ನು ಒತ್ತಿ ಮಾಡಿದ್ದು. ಡುಪಾಂಟ್ ಕಂಪನಿಯ ಸಂಶೋಧಕರೊಬ್ಬರು 1955ರಲ್ಲಿ ಪ್ರಯೋಗಾಲಯದ ಕೊಳವೆಯೊಂದರಿಂದ ಬಿಳಿ ನಯವಾದ ಎಳೆಗಳು ಹೊರಬರುತ್ತಿರುವುದನ್ನು ಗಮನಿಸಿದ್ದರಿಂದ ಅದರ ಕತೆ ಶುರುವಾಯಿತು. 1967ರಲ್ಲಿ ಅದು ಮಾರಾಟಕ್ಕೆ ಬಂತು. ಅದು ಸುಲಭವಾಗಿ ಹರಿಯುವುದಿಲ್ಲ, ಸುಲಿಯುವಾಗ ನಾರು ಉದುರಿಸುವುದಿಲ್ಲ. ಶಸ್ತ್ರಚಿಕಿತ್ಸೆಯ ಗಾಯದೊಳಗೆ ಕಾಗದದ ನಾರು ಬೀಳಬಾರದೆಂಬ ಕಾಳಜಿ ಅದರ ಹಿಂದಿದೆ.

ಎರಡು ಬದಿಗಳು ಕೂಡುವ ಬೆಸುಗೆಯೇ ಎಲ್ಲಕ್ಕಿಂತ ಸೂಕ್ಷ್ಮವಾದ ಜಾಗ. ಬೆಸುಗೆ ಬಲವಾಗಿರಬೇಕು, ಆದರೂ ಕೈಗವಸು ಹಾಕಿದ ನರ್ಸ್ ಒಂದೇ ಎಳೆತಕ್ಕೆ ಬಿಡಿಸುವಂತಿರಬೇಕು. ನಾವು ಪ್ರತಿ ಪಾಳಿಯಲ್ಲೂ ಕೆಲವು ಪೊಟ್ಟಣಗಳನ್ನು ತೆಗೆದು, ಒಳಗೆ ನೀಲಿ ಬಣ್ಣದ ದ್ರಾವಣ ಹಾಕಿ, ಅದನ್ನು ಬೆಸುಗೆಯ ನಾಲ್ಕೂ ಅಂಚುಗಳ ಮೇಲೆ ಹರಿಸಿ ನೋಡುತ್ತಿದ್ದೆವು. ಒಂದು ದಿನ ಮೂಲೆಯೊಂದರಲ್ಲಿ ಕೂದಲೆಳೆಯಷ್ಟು ಸಣ್ಣ ನೀಲಿ ಗೆರೆ ನಿಧಾನವಾಗಿ ಹೊರಗಿನ ಅಂಚಿನವರೆಗೆ ತೆವಳಿತು. ಬೆಸೆಯುವ ಅಚ್ಚಿನ ಮೇಲೆ ಕೂತಿದ್ದ ಒಂದು ಕಣ ಅದಕ್ಕೆ ಕಾರಣವಾಗಿತ್ತು. ಆ ಒಂದು ಗೆರೆಗಾಗಿ ಅಂದಿನ ಇಡೀ ಲಾಟ್ ಅನ್ನು, ಎಂದರೆ ಒಟ್ಟಿಗೆ ತಯಾರಾದ ಸರಕನ್ನೆಲ್ಲ, ತಡೆಹಿಡಿದೆವು. ಪೊಟ್ಟಣ ಸುಲಿದಾಗ ಪ್ಲಾಸ್ಟಿಕ್ಕಿನ ಅಂಚಿನಲ್ಲಿ ಸುತ್ತಲೂ ಒಂದೇ ಅಗಲದ ಬಿಳಿಯ ಪಟ್ಟಿ ಉಳಿಯುವುದನ್ನು ನೀವೂ ನೋಡಬಹುದು. ಆ ಪಟ್ಟಿ ಎಲ್ಲಿಯೂ ತುಂಡಾಗದಿದ್ದರೆ ಬೆಸುಗೆ ಪೂರ್ಣವಾಗಿತ್ತೆಂದು ಅರ್ಥ.

ಕೆಲವು ಸರಕುಗಳನ್ನು ಅನಿಲಕ್ಕೆ ಬದಲಾಗಿ ಗಾಮಾ ಕಿರಣದಿಂದ ಶುದ್ಧಗೊಳಿಸುತ್ತಾರೆ. ನಮ್ಮ ದೇಶದಲ್ಲಿ ಮುಂಬೈನ ಟ್ರಾಂಬೆಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ‘ಐಸೊಮೆಡ್’ ಘಟಕ 1974ರಿಂದ ಈ ಕೆಲಸ ಆರಂಭಿಸಿತು. ಕೋಬಾಲ್ಟ್-60ರ ಕಿರಣ ಮುಚ್ಚಿದ ಪೆಟ್ಟಿಗೆಯನ್ನೇ ದಾಟಿ ಹೋಗುವುದರಿಂದ ಅಲ್ಲಿ ಉಸಿರಾಡುವ ಕಾಗದದ ಅಗತ್ಯವಿಲ್ಲ. ಆದರೆ ಕೆಲವು ಪ್ಲಾಸ್ಟಿಕ್ಕುಗಳು ಆ ಕಿರಣಕ್ಕೆ ಹಳದಿಯಾಗುತ್ತವೆ ಇಲ್ಲವೇ ಪೆಡಸಾಗುತ್ತವೆ. ಆದ್ದರಿಂದ ಯಾವ ಪ್ಲಾಸ್ಟಿಕ್, ಯಾವ ಪೊಟ್ಟಣ, ಯಾವ ಶುದ್ಧೀಕರಣ ಎಂಬ ಮೂರನ್ನೂ ವಿನ್ಯಾಸದ ಮೊದಲ ದಿನವೇ ಒಟ್ಟಿಗೆ ಗೊತ್ತುಮಾಡಬೇಕಾಗುತ್ತದೆ.

ಈಗ ನಮ್ಮ ಪಾಲಿನ ಕೆಲಸ. ಕಾಗದ ಒದ್ದೆಯಾದರೆ ನೀರಿನ ಜೊತೆ ಕ್ರಿಮಿಯೂ ಒಳಗಿಳಿಯುತ್ತದೆ. ಆರಿದ ಮೇಲೆ ಪೊಟ್ಟಣ ಮೊದಲಿನಂತೆಯೇ ಕಂಡರೂ ಅದನ್ನು ಬಳಸಬಾರದು. ಗೋಡೆಗೆ ತಾಗಿದ ಬೀರುವಿನಲ್ಲಿ ಮಲೆನಾಡಿನ ಬೂಷ್ಟು ಹಿಡಿದ ಪೊಟ್ಟಣಕ್ಕೂ ಇದೇ ಮಾತು. ರಬ್ಬರ್ ಬ್ಯಾಂಡ್ ಹಾಕಿ ಬಿಗಿಯುವುದು, ಸ್ಟೇಪಲ್ ಹೊಡೆಯುವುದು, ಕಾಗದದ ಬದಿಯ ಮೇಲೆ ಬಾಲ್ ಪೆನ್ನಿನಿಂದ ಒತ್ತಿ ಬರೆಯುವುದು, ಇವೆಲ್ಲ ಕಣ್ಣಿಗೆ ಕಾಣದ ತೂತುಗಳನ್ನು ಮಾಡುತ್ತವೆ. ಪೊಟ್ಟಣದ ಮೇಲಿನ ಚಿತ್ರಗಳನ್ನೂ ತಿಳಿದುಕೊಳ್ಳಿ: ಅಡ್ಡಗೆರೆ ಎಳೆದ 2 ಎಂದರೆ ಎರಡನೇ ಸಲ ಬಳಸಬಾರದು, ಮರಳು ಗಡಿಯಾರದ ಪಕ್ಕದ್ದು ಕೊನೆಯ ದಿನಾಂಕ, ಕೊಡೆ ಎಂದರೆ ಒಣಗಿದ ಜಾಗದಲ್ಲಿಡಿ. ಭಾಷೆ ಬಾರದವರಿಗೂ ತಿಳಿಯಲೆಂದು ಜಗತ್ತಿಗೆಲ್ಲ ಒಂದೇ ಆಗಿ ಮಾಡಿರುವ ಚಿತ್ರಗಳಿವು. ಇವನ್ನು ನಮ್ಮ ಪ್ರೌಢಶಾಲೆಗಳಲ್ಲಿ ಒಂದು ತರಗತಿಯಲ್ಲಾದರೂ ಹೇಳಿಕೊಡಬೇಕೆಂದು ನಿಮ್ಮಂಥ ಶಿಕ್ಷಕರಲ್ಲಿ ನನ್ನ ವಿನಂತಿ.

ಪ್ರಶ್ನೆ: ಲಸಿಕೆಯ ಬುಡ್ಡಿಯ ಮೇಲಿನ ದುಂಡು ಗುರುತನ್ನು ನೋಡಿ ಬಳಸಿ ಎಂದು ತರಬೇತಿಯಲ್ಲಿ ಹೇಳಿದ್ದಾರೆ. ಅದರೊಳಗೆ ಏನಿದೆ? ಅದನ್ನು ಪೂರ್ತಿ ನಂಬಬಹುದೇ? (ಆಶಾ ಕಾರ್ಯಕರ್ತೆ, ಅರಸೀಕೆರೆ ತಾಲ್ಲೂಕು)

ಉತ್ತರ: ವೃತ್ತದೊಳಗಿನ ಚೌಕದಲ್ಲಿ ಶಾಖಕ್ಕೆ ಬಣ್ಣ ಗಾಢವಾಗುವ ರಾಸಾಯನಿಕವಿದೆ. 1996ರಲ್ಲಿ ಪೋಲಿಯೊ ಹನಿಯ ಬುಡ್ಡಿಗಳ ಮೇಲೆ ಇದು ಮೊದಲು ಬಂತು. ಬುಡ್ಡಿ ಎಷ್ಟು ಹೊತ್ತು, ಎಷ್ಟು ಬಿಸಿಯಲ್ಲಿತ್ತು ಎಂಬ ಒಟ್ಟು ಲೆಕ್ಕ ಅದರಲ್ಲಿ ದಾಖಲಾಗುತ್ತಾ ಹೋಗುತ್ತದೆ, ಮತ್ತೆ ತಂಪಿಗೆ ಇಟ್ಟರೂ ಬಣ್ಣ ಹಿಂದೆ ಹೋಗುವುದಿಲ್ಲ. ಚೌಕವು ಸುತ್ತಲಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಬಳಸಬಹುದು. ಸಮನಾದರೆ ಅಥವಾ ಗಾಢವಾದರೆ ಬಳಸುವಂತಿಲ್ಲ. ಆದರೆ ಅದು ಶಾಖವನ್ನಷ್ಟೇ ಹೇಳುತ್ತದೆ. ಐಸ್ ಪ್ಯಾಕಿಗೆ ತಾಗಿ ಹೆಪ್ಪುಗಟ್ಟಿದರೆ ಹಾಳಾಗುವ ಲಸಿಕೆಗಳ ಬಗ್ಗೆ ಆ ಗುರುತು ಏನನ್ನೂ ಹೇಳದು. ಅದಕ್ಕೆ ಅಲುಗಾಡಿಸಿ ನೋಡುವ ಪರೀಕ್ಷೆಯೇ ಬೇಕು.

ಪ್ರಶ್ನೆ: ಒಬ್ಬ ರೋಗಿಗೆ ಮೂಗಿನಲ್ಲಿ ಆಹಾರದ ರೈಲ್ಸ್ ಟ್ಯೂಬ್, ಕೈಯ ರಕ್ತನಾಳದಲ್ಲಿ ಕ್ಯಾನುಲಾ, ಬೆನ್ನಿನಲ್ಲಿ ನೋವು ನಿವಾರಕದ ಎಪಿಡ್ಯೂರಲ್ ನಳಿಕೆ ಇದ್ದಾಗ ಒಂದೇ ಸಿರಿಂಜು ಎಲ್ಲದಕ್ಕೂ ಕೂರುತ್ತದೆ. ನೈಟ್ ಡ್ಯೂಟಿಯಲ್ಲಿ ಭಯವಾಗುತ್ತದೆ. ಇದಕ್ಕೆ ಪರಿಹಾರ ಬಂದಿದೆಯೇ? (ಸ್ಟಾಫ್ ನರ್ಸ್, ತರೀಕೆರೆ)

ಉತ್ತರ: ನಿಮ್ಮ ಭಯ ನ್ಯಾಯವಾದದ್ದು, ಸಿಸ್ಟರ್. ಸಿರಿಂಜಿನ ತುದಿಯ ಇಳಿಜಾರಿಗೆ ಲೂಯರ್ ಎಂದು ಹೆಸರು. ಉದ್ದದ ಪ್ರತಿ 100 ಮಿ.ಮೀ.ಗೆ ವ್ಯಾಸ 6 ಮಿ.ಮೀ.ನಷ್ಟು ಕಿರಿದಾಗುವ ಅಳತೆ ಅದು. ಎಲ್ಲ ಕಂಪನಿಗಳೂ ಅದನ್ನೇ ಒಪ್ಪಿಕೊಂಡದ್ದರಿಂದ ಯಾವ ಸೂಜಿಗೆ ಯಾವ ಸಿರಿಂಜಾದರೂ ಕೂರುವ ಅನುಕೂಲವಾಯಿತು. ಅದೇ ಅನುಕೂಲ ಅಪಾಯವೂ ಆಯಿತು. ಹೊಟ್ಟೆಗೆ ಹೋಗಬೇಕಾದ ಹಾಲು ರಕ್ತನಾಳಕ್ಕೆ ಹೋದದ್ದುಂಟು, ರಕ್ತನಾಳಕ್ಕೆ ಮಾತ್ರ ಕೊಡಬೇಕಾದ ಕ್ಯಾನ್ಸರ್ ಔಷಧ ವಿನ್‌ಕ್ರಿಸ್ಟಿನ್ ಬೆನ್ನುಹುರಿಯ ದ್ರವಕ್ಕೆ ಸೇರಿ ರೋಗಿಗಳು ಸತ್ತದ್ದುಂಟು. ಜಗತ್ತಿನ ಬೇರೆ ಬೇರೆ ದೇಶಗಳಲ್ಲಿ ಅನುಭವಸ್ಥರ ಕೈಯಲ್ಲಿಯೇ ಇವು ನಡೆದಿವೆ.

ಎಚ್ಚರಿಕೆಯಿಂದಿರಿ ಎಂಬ ಬುದ್ಧಿವಾದದಿಂದ ಇದು ನಿಲ್ಲುವುದಿಲ್ಲ ಎಂದು ಮನಗಂಡು, ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ 80369 ಎಂಬ ಸರಣಿಯನ್ನು 2010ರಿಂದ ಹೊರತಂದಿದೆ. ಆಹಾರದ ನಳಿಕೆಗೆ ಒಂದು ಆಕಾರ, ಬೆನ್ನುಹುರಿಯ ಸೂಜಿಗೆ ಇನ್ನೊಂದು, ರಕ್ತನಾಳಕ್ಕೆ ಹಳೆಯ ಲೂಯರ್. ಒಂದಕ್ಕೆ ಇನ್ನೊಂದು ಒತ್ತಿದರೂ ಕೂರುವುದಿಲ್ಲ. ಈ ಯೋಚನೆ ಹೊಸದೇನಲ್ಲ. ಅರಿವಳಿಕೆ ಯಂತ್ರದ ಸಣ್ಣ ಸಿಲಿಂಡರಿನ ಕುತ್ತಿಗೆಯಲ್ಲಿ ಎರಡು ರಂಧ್ರಗಳಿರುವುದನ್ನು ನೀವು ನೋಡಿರುತ್ತೀರಿ. ಆಮ್ಲಜನಕಕ್ಕೆ 2 ಮತ್ತು 5ರ ಸ್ಥಾನ, ನೈಟ್ರಸ್ ಆಕ್ಸೈಡಿಗೆ 3 ಮತ್ತು 5ರ ಸ್ಥಾನ. ಕತ್ತಲಲ್ಲಿ ತಪ್ಪು ಸಿಲಿಂಡರ್ ಎತ್ತಿಕೊಂಡರೂ ಅದು ಯಂತ್ರದ ನೊಗದಲ್ಲಿರುವ ಮೊಳೆಗಳಿಗೆ ಕೂರುವುದೇ ಇಲ್ಲ. ಹೊಸ ಜೋಡಣೆಗಳು ನಿಮ್ಮ ಆಸ್ಪತ್ರೆಗೆ ಬರುವವರೆಗೆ, ಔಷಧ ಕೊಡುವ ಮುನ್ನ ನಳಿಕೆಯನ್ನು ಮೈಯಿಂದ ಬಾಟಲಿಯವರೆಗೆ ಬೆರಳಿನಲ್ಲಿ ಹಿಡಿದು ನೋಡಿ, ಎರಡೂ ತುದಿಗೆ ಚೀಟಿ ಅಂಟಿಸಿ, ಆಹಾರದ ಸಿರಿಂಜನ್ನು ಬೇರೆ ಟ್ರೇಯಲ್ಲಿಯೇ ಇಡಿ. ತಪ್ಪು ಆಗಿಯೇ ಹೋಗಬಹುದಾಗಿದ್ದು ಕೊನೆಯ ಗಳಿಗೆಯಲ್ಲಿ ತಪ್ಪಿದ್ದರೆ ಅದನ್ನು ಮುಚ್ಚಿಡಬೇಡಿ. ಉಪಕರಣಗಳಿಂದಾಗುವ ತೊಂದರೆಗಳನ್ನು ದಾಖಲಿಸಲೆಂದೇ 2015ರ ಜುಲೈಯಿಂದ ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಆಯೋಗದಲ್ಲಿ ಮೆಟೀರಿಯೊವಿಜಿಲೆನ್ಸ್ ಕಾರ್ಯಕ್ರಮ ನಡೆಯುತ್ತಿದೆ. ನರ್ಸುಗಳೂ ಅಲ್ಲಿಗೆ ವರದಿ ಕಳುಹಿಸಬಹುದು.

ಪ್ರಶ್ನೆ: ನಮ್ಮಣ್ಣನಿಗೆ ಹೃದಯದ ರಕ್ತನಾಳ ತೆರೆದಿಡುವ ಸ್ಟೆಂಟ್ ಹಾಕಿದ ಫೈಲಿನಲ್ಲಿ ಸಣ್ಣ ಸಣ್ಣ ಸ್ಟಿಕ್ಕರ್ ಅಂಟಿಸಿದ್ದಾರೆ. ಅವು ಬೇಕಾಗುತ್ತವೆಯೇ? (ವ್ಯಾಪಾರಿ, ಚನ್ನರಾಯಪಟ್ಟಣ)

ಉತ್ತರ: ಖಂಡಿತ ಬೇಕು, ಆ ಪುಟದ ಫೋಟೊ ತೆಗೆದು ಮೊಬೈಲಿನಲ್ಲೂ ಇಟ್ಟುಕೊಳ್ಳಿ. ಸ್ಟೆಂಟಿನ ಹೆಸರು, ಅಳತೆ, ಲಾಟ್ ಸಂಖ್ಯೆ ಅದರಲ್ಲಿವೆ. ಯಾವುದಾದರೂ ಲಾಟ್‌ನಲ್ಲಿ ದೋಷ ಕಂಡುಬಂದರೆ ನಿಮ್ಮ ಅಣ್ಣನನ್ನು ಹುಡುಕಲು ಇರುವ ಎಳೆ ಅದೊಂದೇ. ಮುಂದೆ ಎಂಆರ್‌ಐ ಮಾಡಿಸುವಾಗಲೂ ಕೇಳುತ್ತಾರೆ. ಸಪೂರ ಲೋಹದ ಕೊಳವೆಯನ್ನು ಲೇಸರಿನಲ್ಲಿ ಜಾಲರಿಯಂತೆ ಕತ್ತರಿಸಿ ಸ್ಟೆಂಟ್ ಮಾಡುತ್ತಾರೆ. ಮೊದಲ ತಲೆಮಾರಿನ ಔಷಧ ಲೇಪಿತ ಸ್ಟೆಂಟಿನ ಕಡ್ಡಿಗಳು ಸುಮಾರು 140 ಮೈಕ್ರಾನ್ ದಪ್ಪವಿದ್ದವು, ಈಗ ಕೋಬಾಲ್ಟ್ ಕ್ರೋಮಿಯಂ ಮಿಶ್ರಲೋಹದಲ್ಲಿ ಕೂದಲೆಳೆಯಷ್ಟು ತೆಳ್ಳಗಾಗಿವೆ. ಬೆಲೆಗೂ ಸರ್ಕಾರದ ಮಿತಿಯಿದೆ: 2017ರ ಫೆಬ್ರವರಿಯಲ್ಲಿ ಬರಿಯ ಲೋಹದ ಸ್ಟೆಂಟಿಗೆ 7,260 ರೂಪಾಯಿ, ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿ ಎಂದು ಮೊದಲು ನಿಗದಿಯಾಯಿತು, ಆಮೇಲೆ ಪರಿಷ್ಕರಣೆಯಾಗುತ್ತಾ ಬಂದಿದೆ. ಬಿಲ್ಲಿನಲ್ಲಿ ಸ್ಟೆಂಟಿನ ಬೆಲೆಯನ್ನು ಬೇರೆಯಾಗಿ ತೋರಿಸುವಂತೆ ಕೇಳುವುದು ನಿಮ್ಮ ಹಕ್ಕು.

ಪ್ರಶ್ನೆ: ನಾವು ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಡ್ರಿಪ್ ಬಾಟಲಿ ಖಾಲಿಯಾಗುವ ಮುನ್ನ ನರ್ಸಿಗೆ ಎಚ್ಚರಿಕೆ ಕೊಡುವ ಸಾಧನ ಮಾಡಿದ್ದೇವೆ. ಬಾಟಲಿಯ ತೂಕ ನೋಡಿ ಬಜರ್ ಹೊಡೆಯುತ್ತದೆ, ಮೊಬೈಲಿಗೆ ಸಂದೇಶ ಹೋಗುತ್ತದೆ. ಪ್ರದರ್ಶನದಲ್ಲಿ ಬಹುಮಾನವೂ ಬಂತು. ಇದನ್ನು ಆಸ್ಪತ್ರೆಗಳಿಗೆ ಮಾರಲು ಏನು ಮಾಡಬೇಕು? (ವಿದ್ಯಾರ್ಥಿಗಳು, ಹಾಸನ)

ಉತ್ತರ: ನಿಮ್ಮ ಆಸಕ್ತಿಯನ್ನು ಮನಸಾರೆ ಮೆಚ್ಚುತ್ತೇನೆ, ಹಾಗಾಗಿಯೇ ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ನೀವು ಮಾಡಿರುವುದು ಒಂದು ಒಳ್ಳೆಯ ಪ್ರಯೋಗ. ಉಪಕರಣವಾಗಲು ಅದಕ್ಕೆ ಇನ್ನೂ ಬಹಳ ದೂರವಿದೆ.

ಮೊದಲು ಎರಡು ರಾತ್ರಿ ಅನುಮತಿ ಪಡೆದು ಜನರಲ್ ವಾರ್ಡಿನಲ್ಲಿ ಕುಳಿತುಕೊಳ್ಳಿ. ಅಲ್ಲಿ ಡ್ರಿಪ್ ಸ್ಟ್ಯಾಂಡ್ ಅಲುಗಾಡದೆ ನಿಂತಿರುವುದಿಲ್ಲ. ರೋಗಿ ಅದನ್ನು ತಳ್ಳಿಕೊಂಡು ಶೌಚಾಲಯಕ್ಕೆ ಹೋಗುತ್ತಾರೆ, ಜೊತೆಗಿರುವವರು ಅದೇ ಕೊಕ್ಕೆಗೆ ಟವೆಲನ್ನೋ ಕೈಚೀಲವನ್ನೋ ತೂಗುಹಾಕುತ್ತಾರೆ. ಆಗ ನಿಮ್ಮ ತೂಕದ ಲೆಕ್ಕ ಏನಾಗುತ್ತದೆ? ಬಾಟಲಿ ಖಾಲಿಯಾದರೂ ಟವೆಲಿನ ತೂಕದಿಂದ ಸಾಧನ ಸುಮ್ಮನಿದ್ದರೆ, ಅದನ್ನು ನಂಬಿ ಬೇರೆ ಹಾಸಿಗೆಯ ಕಡೆ ಹೋದ ನರ್ಸಿಗೆ ನೀವು ಮಾಡಿದ್ದು ಉಪಕಾರವಾಗದು. ಹತ್ತು ಹಾಸಿಗೆಯಲ್ಲಿ ಹತ್ತು ಬಜರ್ ಹೊಡೆಯತೊಡಗಿದರೆ ಮೂರನೆಯ ದಿನ ಯಾರಾದರೂ ಅದರ ಬಾಯಿಗೆ ಪ್ಲಾಸ್ಟರ್ ಅಂಟಿಸುತ್ತಾರೆ. ಕರೆಂಟು ಹೋದರೆ, ಬ್ಯಾಟರಿ ಇಳಿದರೆ, ನೆಟ್‌ವರ್ಕ್ ಸಿಗದಿದ್ದರೆ ಸಾಧನ ತಾನು ಕೆಲಸ ನಿಲ್ಲಿಸಿದ್ದೇನೆಂದು ಹೇಳಬೇಕು. ದಿನಕ್ಕೆ ಹಲವು ಸಲ ಸ್ಪಿರಿಟ್ಟಿನಿಂದ ಒರೆಸಿದರೆ ಕೆಲವು ಪ್ಲಾಸ್ಟಿಕ್ ಕವಚಗಳು ತಿರುಪು ಬಿಗಿದ ಜಾಗದಲ್ಲೇ ಬಿರುಕು ಬಿಡುತ್ತವೆ. ಇಂಥ ಪ್ರತಿಯೊಂದು ‘ಹೀಗಾದರೆ’ಯನ್ನೂ ಬರೆದು, ಅದರಿಂದ ರೋಗಿಗೆ ಆಗುವ ಹಾನಿಯನ್ನು ತೂಗಿ, ವಿನ್ಯಾಸದಿಂದಲೇ ತಡೆಯುವ ದಾರಿ ಹುಡುಕುವ ಕ್ರಮಕ್ಕೆ ಐಎಸ್‌ಒ 14971 ಎಂಬ ಮಾನದಂಡವಿದೆ. ಅದನ್ನು ಕೊನೆಯಲ್ಲಿ ತುಂಬುವ ಅರ್ಜಿಯೆಂದು ತಿಳಿಯದೆ ಈಗಲೇ ಓದಿ.

ಕಾನೂನಿನ ವಿಷಯ ಚುಟುಕಾಗಿ ಹೇಳುವುದಾದರೆ, 2017ರ ವೈದ್ಯಕೀಯ ಉಪಕರಣಗಳ ನಿಯಮಗಳು 2018ರ ಜನವರಿ 1ರಿಂದ ಜಾರಿಯಲ್ಲಿವೆ. ಅಪಾಯದ ಮಟ್ಟಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಿದ್ದು, ಎ ಮತ್ತು ಬಿ ವರ್ಗದ ತಯಾರಿಕೆಗೆ ರಾಜ್ಯ ಪ್ರಾಧಿಕಾರವೂ ಸಿ ಮತ್ತು ಡಿ ವರ್ಗಕ್ಕೆ ಕೇಂದ್ರ ಪ್ರಾಧಿಕಾರವೂ ಪರವಾನಗಿ ಕೊಡುತ್ತವೆ. ಹಣಕ್ಕಾಗಿ ಜೈವಿಕ ತಂತ್ರಜ್ಞಾನ ಉದ್ಯಮಗಳಿಗೆ ನೆರವಾಗುವ ಕೇಂದ್ರದ ಬೈರ್ಯಾಕ್ ಸಂಸ್ಥೆಯ ‘ಬಿಗ್’ ಯೋಜನೆಗೆ ಅರ್ಜಿ ಹಾಕಬಹುದು. ಆಯ್ಕೆಯಾದವರಿಗೆ 50 ಲಕ್ಷ ರೂಪಾಯಿಯವರೆಗೆ ನೆರವು ಸಿಗುತ್ತದೆ.

ಇಷ್ಟು ಓದಿ ಎದೆಗುಂದಬೇಡಿ. ತಿರುವನಂತಪುರದ ಶ್ರೀ ಚಿತ್ರಾ ವೈದ್ಯಕೀಯ ಸಂಸ್ಥೆಯಲ್ಲಿ, ಮುಂದೆ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಯಾದ ಡಾ. ಎಂ.ಎಸ್. ವಲಿಯತ್ತಾನ್ ಅವರ ತಂಡ ಹೃದಯದ ಕೃತಕ ಕವಾಟವನ್ನು ರೂಪಿಸಲು ಹೊರಟಾಗ ಮೊದಲ ಮಾದರಿಗಳು ವಿಫಲವಾದವು. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಅಷ್ಟು ಸಲ, ವರ್ಷಗಟ್ಟಲೆ, ತೆರೆದು ಮುಚ್ಚಿದರೂ ಸವೆಯದ ವಸ್ತು ಬೇಕಿತ್ತು. ಒಂದೊಂದು ಸೋಲಿನಲ್ಲೂ ಯಾವ ಭಾಗ ಏಕೆ ಮುರಿಯಿತೆಂದು ಹುಡುಕುತ್ತಾ ಹೋಗಿ, ಕೊನೆಗೆ ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟಿನಲ್ಲಿ ಗಟ್ಟಿ ಪಾಲಿಥೀನಿನ ಬಿಲ್ಲೆ ಕೂರಿಸಿದರು. 1990ರ ಡಿಸೆಂಬರಿನಲ್ಲಿ ಅದು ಮೊದಲ ರೋಗಿಯ ಎದೆಯಲ್ಲಿ ಕೆಲಸ ಆರಂಭಿಸಿತು. 1968ರ ಸುಮಾರಿಗೆ ಜೈಪುರದಲ್ಲಿ ಡಾ. ಪಿ.ಕೆ. ಸೇಥಿಯವರೂ ಕುಶಲಕರ್ಮಿ ರಾಮಚಂದ್ರ ಶರ್ಮರೂ ಸೇರಿ ಮಾಡಿದ ಕೃತಕ ಪಾದ ಏಕೆ ಗೆದ್ದಿತು ಎಂದೂ ಯೋಚಿಸಿ. ಹೊರದೇಶದ ಪಾದ ಬೂಟಿಗಾಗಿ ಮಾಡಿದ್ದಾಗಿತ್ತು. ನಮ್ಮ ರೈತ ಬರಿಗಾಲಲ್ಲಿ ಗದ್ದೆಗಿಳಿಯಬೇಕು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣಬೇಕು. ಸೇಥಿ ಮತ್ತು ಶರ್ಮ ಅದನ್ನು ಮೊದಲು ನೋಡಿದರು.

ನಿಮ್ಮ ಸಾಧನವನ್ನು ಈ ತಿಂಗಳೇ ಒಬ್ಬ ನರ್ಸಿನ ಕೈಗೆ ಕೊಡಿ. ಹೇಗೆ ಬಳಸಬೇಕೆಂದು ಹೇಳಿಕೊಡಬೇಡಿ, ಪಕ್ಕದಲ್ಲಿ ನಿಂತು ನೋಡಿ. ಅವರ ಬೆರಳು ಎಲ್ಲೆಲ್ಲಿ ತಡೆಯುತ್ತದೆ, ಯಾವ ಗುಂಡಿಯನ್ನು ಎರಡು ಸಲ ಒತ್ತುತ್ತಾರೆ ಎಂದು ಬರೆದುಕೊಳ್ಳಿ. ಆ ಹಾಳೆಯನ್ನು ಪತ್ರಿಕೆಯ ವಿಳಾಸಕ್ಕೆ ಕಳುಹಿಸಿದರೆ, ಮುಂದಿನ ವಿನ್ಯಾಸದ ಬಗ್ಗೆ ನಿಮ್ಮ ಜೊತೆ ಕುಳಿತು ಮಾತಾಡಲು ನಾನು ಸಿದ್ಧನಿದ್ದೇನೆ.